ಟೆಕ್ಸಸ್‌ಗೆ ಬಂದ ಅರಬ್ ಜಡ್ಜುಗಳು

ಕೋರ್ಟು, ಕಾನೂನು ಅಂದರೆ ಗಂಭೀರ ವಿಷಯ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಜಡ್ಜುಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರೂರು ಸುತ್ತುವ ನನಗೆ ಮಾತ್ರ ನಗು ತಡೆದುಕೊಳ್ಳುವುದೇ ದೊಡ್ಡ ಕೆಲಸ. ಹ್ಯೂಸ್ಟನ್ನಿನ ಒಂದು ಲಾ ಕಾಲೇಜಿಗೆ ಬರುವ ವಿದೇಶಿ ಅತಿಥಿಗಳನ್ನು ನೋಡಿಕೊಳ್ಳುವವಳು ನಾನು. ಈ ಸಲ ಒಂದು ಅರಬ್ ದೇಶದಿಂದ ಹಿರಿಯ ಜಡ್ಜ್ ಒಬ್ಬರು, ಅವರ ಜೊತೆ ಮಹಿಳಾ ಜಡ್ಜ್ ಒಬ್ಬರು ಬಂದಿದ್ದರು. ಅಲ್ಲಿ ಸರ್ವಾಧಿಕಾರಿಯ ಆಡಳಿತ ಬಿದ್ದು, ಜನ ಮೊದಲ ಸಲ ಹೆದರದೆ ವೋಟು ಹಾಕಿದ್ದರು. ಕೋರ್ಟುಗಳಿಗೆ ಹೊಸ ಕಾನೂನು ಬರೆಯುವ ಜವಾಬ್ದಾರಿ ಇವರಿಬ್ಬರ ಮೇಲಿತ್ತು. ಅವರ ಉತ್ಸಾಹ ಏನು ಹೇಳಲಿ, ಕಂಡದ್ದಕ್ಕೆಲ್ಲ ಕಣ್ಣರಳಿಸುತ್ತಿದ್ದರು!

ಡಾಲಸ್ ದಾರಿಯಲ್ಲಿ

ಡಾಲಸ್‌ಗೆ ಡ್ರೈವ್ ಮಾಡುತ್ತಿದ್ದೆ. ಮಾತಿನ ಭರದಲ್ಲಿ ಸ್ಪೀಡ್ ಜಾಸ್ತಿಯಾಯಿತು. ಹಿಂದೆ ಪೊಲೀಸ್ ಕಾರಿನ ದೀಪ ಮಿನುಗಿತು. ಗಾಡಿ ಸೈಡಿಗೆ ಹಾಕಿದೆ.

ಹಿರಿಯರು ತಮ್ಮ ಊರಿನ ಹಳೇ ಅಭ್ಯಾಸದಿಂದ ಕಿಟಕಿ ಇಳಿಸಿ, "ಆಫೀಸರ್, ಈ ಕಾರಿನಲ್ಲಿ ಇಬ್ಬರು ಜಡ್ಜುಗಳಿದ್ದೇವೆ" ಅಂದರು.

"ಒಳ್ಳೇದೇ ಆಯ್ತು, ಇಬ್ಬರು ಸಾಕ್ಷಿ ಸಿಕ್ಕಿದ್ರು" ಅಂದ ಪೊಲೀಸ್, ನನಗೆ ದಂಡದ ಟಿಕೆಟ್ ಬರೆದುಕೊಟ್ಟ.

ಇಬ್ಬರೂ ಚಪ್ಪಾಳೆ ಹೊಡೆಯಲು ಶುರುಮಾಡಿದರು! "ನೋಡಿದಿರಾ, ಜಡ್ಜ್ ಅಂದರೂ ಬಿಡಲಿಲ್ಲ! ಕಾನೂನು ಎಲ್ಲರಿಗೂ ಒಂದೇ!" ಅಂತ ಹಿರಿಯರು ಇಳಿದು ಪೊಲೀಸನ ಕೈ ಕುಲುಕಿದರು. ಮಹಿಳಾ ಜಡ್ಜ್ ಟಿಕೆಟ್ಟಿನ ಫೋಟೋ ತೆಗೆದರು.

ಪೊಲೀಸ್ ನನ್ನ ಹತ್ತಿರ ಬಗ್ಗಿ ಕೇಳಿದ: "ಇಷ್ಟೊಂದು ಖುಷಿ ಆಗೋದಾದ್ರೆ ಅವರಿಗೂ ಒಂದೊಂದು ಬರೆದುಕೊಡ್ಲಾ?"

ಆಸ್ಟಿನ್ನಿನ ತೀರ್ಪು

ಆ ಮಹಿಳಾ ಜಡ್ಜ್ ಹಿಂದೆ ಒಬ್ಬ ಮಂತ್ರಿಯ ಭಾವಮೈದುನನ ವಿರುದ್ಧ ತೀರ್ಪು ಕೊಟ್ಟಿದ್ದರಂತೆ. ಮರುವಾರವೇ ಅವರನ್ನು ಮರುಭೂಮಿಯಂಚಿನ ಕೋರ್ಟಿಗೆ ಎತ್ತಂಗಡಿ ಮಾಡಿದರು. ಮಕ್ಕಳನ್ನು ತಮ್ಮ ತಾಯಿಯ ಹತ್ತಿರ ಬಿಟ್ಟು ಹೋಗಿದ್ದರು ಪಾಪ. ಅದಕ್ಕೇ, ಜಡ್ಜುಗಳನ್ನು ಮನಸ್ಸಿಗೆ ಬಂದಂತೆ ವರ್ಗ ಮಾಡಬಾರದು ಅನ್ನೋ ಕಾನೂನು ತಂದೇ ತೀರುತ್ತೇನೆ ಅನ್ನುತ್ತಿದ್ದರು.

ಆಸ್ಟಿನ್ನಿನ ಕೋರ್ಟಿನಲ್ಲಿ ನಾವು ಕೂತಿದ್ದಾಗಲೇ ಸರ್ಕಾರದ ವಿರುದ್ಧ ತೀರ್ಪು ಬಂತು. ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ತೀರ್ಪು ಕೊಟ್ಟ ಜಡ್ಜ್ ಎದ್ದು ಒಳಗೆ ಹೋಗಿದ್ದೇ ತಡ, ಈಕೆ ಕೋರ್ಟಿನ ಗುಮಾಸ್ತೆಯ ಹತ್ತಿರ ಓಡಿ, "ಈಗ ಇವರನ್ನ ಎಲ್ಲಿಗೆ ಕಳಿಸ್ತಾರೆ?" ಅಂತ ಗಾಬರಿಯಿಂದ ಕೇಳಿದರು.

ಗುಮಾಸ್ತೆ ಗಡಿಯಾರ ನೋಡಿ ಹೇಳಿದಳು: "ಊಟಕ್ಕೆ."

ಆಕೆ ನಗುತ್ತಲೇ ಕಣ್ಣೊರೆಸಿಕೊಂಡರು.

ನಮ್ಮನೆ ಕೋರ್ಟು

ಹೊರಡುವ ಮುಂಚೆ ಇಬ್ಬರನ್ನೂ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ನಮ್ಮಲ್ಲಿ ಎಸಿ ವ್ಯಾಜ್ಯ ಹಳೆಯದು. ನಮ್ಮವರಿಗೆ ಮನೆ ತಣ್ಣಗಿರಬೇಕು. ಧಾರವಾಡದ ಅತ್ತೆಯವರಿಗೆ ಚಳಿ, ಶಾಲು ಹೊದ್ದೇ ಓಡಾಡುತ್ತಾರೆ.

"ಕೇಸ್ ನಮಗೆ ಕೊಡಿ!" ಅಂತ ಹಿರಿಯರು ಸೋಫಾದಲ್ಲಿ ನೆಟ್ಟಗೆ ಕೂತರು. ನಮ್ಮವರು ಟೆಕ್ಸಸ್ ಬಿಸಿಲಿನ ಬಗ್ಗೆ ವಾದ ಮಂಡಿಸಿದರು. ಅತ್ತೆ ವಾದ ಮಾಡುವ ಗೋಜಿಗೇ ಹೋಗಲಿಲ್ಲ. ತುಪ್ಪ ಹಾಕಿದ ಬಿಸಿ ಹೋಳಿಗೆ ತಂದು ಹಿರಿಯ ಜಡ್ಜ್ ಮುಂದಿಟ್ಟು, "ಮೊದಲ ಇದನ್ನ ತಿನ್ರಿ ಸಾಹೇಬ್ರ, ಆಮ್ಯಾಲ ತೀರ್ಪು ಕೊಡ್ರಿ" ಅಂದರು. ನಾನು ಇಂಗ್ಲಿಷಿಗೆ ತರ್ಜುಮೆ ಮಾಡುವಷ್ಟರಲ್ಲಿ ಅವರು ಅರ್ಧ ನುಂಗಿಯಾಗಿತ್ತು.

"ಲಂಚ!" ಅಂತ ಕೂಗಿದರು ಮಹಿಳಾ ಜಡ್ಜ್. "ಇದನ್ನು ನಿಲ್ಲಿಸೋಕೇ ಅಲ್ಲವೇ ನಾವು ಸಮುದ್ರ ದಾಟಿ ಬಂದದ್ದು!"

ಹಿರಿಯರ ಕೈ ಹಾಗೇ ನಿಂತಿತು. ಕೈಯಲ್ಲಿದ್ದ ಹೋಳಿಗೆ ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಎದ್ದು ನಿಂತು ಘೋಷಿಸಿದರು: "ನನ್ನ ನಿಷ್ಪಕ್ಷಪಾತತೆಗೆ ಧಕ್ಕೆ ಬಂದಿದೆ. ಈ ಕೇಸಿನಿಂದ ಹಿಂದೆ ಸರಿಯುತ್ತಿದ್ದೇನೆ."

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಮತ್ತೆ ಕೂತು, ತಟ್ಟೆಯನ್ನು ಅತ್ತೆಯ ಕಡೆ ಚಾಚಿದರು.

"ಈಗ ನಾನು ಜಡ್ಜ್ ಅಲ್ಲ. ಇನ್ನೊಂದು ಹಾಕಿ."