ಸೆರಗಿನೊಳಗಿನ ಅವ್ವ

ಇನ್ನೊಬ್ಬರ ಮನೆಯ ಫೋಟೋಗಳನ್ನು ಗಂಟೆಗಟ್ಟಲೆ ದಿಟ್ಟಿಸುವುದು ಸಭ್ಯರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಏನು ಮಾಡಲಿ, ನನ್ನ ಕೆಲಸವೇ ಅದು. ಉಮರ್ಗಾದ ನಮ್ಮ ವಾಚನಾಲಯದಲ್ಲಿ ಸುತ್ತಲಿನ ಊರುಗಳ ಹಳೆಯ ಫೋಟೋಗಳದ್ದೇ ಒಂದು ಕಪಾಟಿದೆ. ಅದರಲ್ಲಿರುವವರು ಯಾರು ಯಾರೆಂದು ಹಿರಿಯರನ್ನು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುವವನು ನಾನು. ಗಂಡಸರದ್ದು ಸುಲಭ, ರುಮಾಲು ಸುತ್ತಿ, ಕ್ಯಾಮೆರಾವನ್ನೇ ಗದರಿಸುವಂತೆ ಕೂತಿರುತ್ತಾರೆ. ದೇವಣಿ ಎತ್ತುಗಳದ್ದು ಇನ್ನೂ ಸುಲಭ. ಎಂದೋ ಸತ್ತ ಎತ್ತಿನ ಹೆಸರನ್ನೂ ಜನ ಕೊಂಬು ನೋಡಿಯೇ ಹೇಳುತ್ತಾರೆ. ಕಷ್ಟವೆಲ್ಲ ಹೆಂಗಸರದ್ದು. ಮಾವನೆದುರು ಸೊಸೆ ಮುಖ ತೋರಿಸಬಾರದೆಂಬುದು ಆಗಿನ ರೂಢಿ. ಫೋಟೋದಲ್ಲಿ ಮಾವ ಕುರ್ಚಿಯ ಮೇಲಿದ್ದರೆ, ಹಿಂದೆ ನಿಂತ ಸೊಸೆಯರೆಲ್ಲರ ಸೆರಗು ಗಲ್ಲದವರೆಗೆ.

ದಾಳಿಂಬ ಊರಿನ ಹಿರಿಯರೊಬ್ಬರು ಅಂಥ ಒಂದು ಫೋಟೋದ ಮೇಲೆ ಬೆರಳಿಟ್ಟು, "ಇಕಿನೇ ನಮ್ಮಾಕಿ. ಕಾಲ್ ನೋಡೇ ಖಾತ್ರಿ ಹೇಳ್ತೀನ್ರಿ" ಎಂದರು. ಬರೆದುಕೊಂಡೆ. ಮರುದಿನ ಮುಖ ಸಣ್ಣದು ಮಾಡಿಕೊಂಡು ಬಂದರು. "ಅಳಿಸ್ರಿ ಸಾಹೇಬ್ರ. ಅದು ಆಕಿ ನೆಗೆಣ್ಣಿ ಅಂತ, ನಮ್ಮಣ್ಣನ ಹೆಂಡ್ತಿ. ನಿನ್ನಿ ಸಂಜಿಯಿಂದ ಮನ್ಯಾಗ ಮಾತೇ ಬಂದ್ ಅದ."

ನಕ್ಕೆನೇನೋ ನಿಜ, ಆದರೆ ನನಗೆ ಅವರಷ್ಟೂ ಭಾಗ್ಯವಿಲ್ಲ. ನನಗೆ ಎರಡು ತುಂಬುವ ಮೊದಲೇ ಅವ್ವ ತೀರಿಹೋದಳು. ಆಕೆಯ ಮೂರು ಫೋಟೋಗಳಿವೆ. ಮೂರರಲ್ಲೂ ಅಜ್ಜ ಕುರ್ಚಿಯ ಮೇಲೆ, ಅವ್ವ ಸೆರಗಿನೊಳಗೆ. ಆಕೆಯ ಮುಖವನ್ನು ಒಂದೇ ಒಂದು ಸಲ ನೋಡಬೇಕು; ಈ ಆಸೆಗೇ ನಾನು ಈ ಕೆಲಸ ಹಿಡಿದದ್ದು. ನಿಲಂಗಾ, ಉದಗೀರ ಎಲ್ಲಿಂದ ಹಳೆಯ ಫೋಟೋ ಬಂದರೂ ಮೊದಲು ಭೂತಗನ್ನಡಿ ಹಿಡಿದು ಅವ್ವನನ್ನು ಹುಡುಕುತ್ತೇನೆ, ಆಮೇಲೆ ಇತಿಹಾಸ. ಸಿಗದಿದ್ದಾಗಲೆಲ್ಲ ಅಜ್ಜನನ್ನು ಬೈಯುತ್ತೇನೆ. ಪುಣ್ಯಾತ್ಮ, ಒಂದು ಸಲವಾದರೂ ಎದ್ದು ಹೋಗಬಾರದಿತ್ತೇ?

ಮೊನ್ನೆ ಲೋಹಾರಾದಿಂದ ಅವ್ವನ ಗೆಳತಿ ಶಾಂತಮ್ಮ ಕಾಕು ಬಂದರು. ಟ್ರಂಕಿನ ತಳದಲ್ಲಿ ಸಿಕ್ಕಿತೆಂದು ಒಂದು ಫೋಟೋ ತಂದಿದ್ದರು. ದೇವಣಿಯ ದನದ ಸಂತೆ. ಅಜ್ಜ ಎತ್ತು ಕೊಂಡ ದಿನ ತೆಗೆಸಿದ್ದು.

"ನಿಮ್ಮ ಮುತ್ಯಾ ಚಹಾ ಕುಡಿಲಾಕ ಹ್ವಾದ. ಫೋಟೋದಾಂವ, 'ಅಕ್ಕಾ, ಜರಾ ಸೆರಗ ಸರಸ್ರಿ' ಅಂದ. ನಿಮ್ಮವ್ವ ಪೂರಾ ತಗದೇಬಿಟ್ಳು!"

ಫೋಟೋ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಎತ್ತು ರೆಪ್ಪೆಗೂದಲು ಸಮೇತ ಸ್ಪಷ್ಟವಾಗಿ ಬಂದಿತ್ತು. ಪಕ್ಕದಲ್ಲಿ ಸೆರಗು ಸರಿಸಿ ನಿಂತ ಹೆಂಗಸು. ಆದರೆ ಮುಖವಿರಬೇಕಾದ ಜಾಗದಲ್ಲಿ ಬರೀ ಒಂದು ಬಿಳಿ ಮಬ್ಬು. ಸೊಂಟದ ಮೇಲೊಂದು ಕೂಸು, ಮುಖವೆಲ್ಲ ಬಾಯಿ ಮಾಡಿಕೊಂಡು ಅಳುತ್ತಿತ್ತು.

"ಮಾರಿ ಎಲ್ಲಿ ಅದರೀ ಕಾಕು? ಅಲಗಾಡ್ಯಾಳಲ್ಲಾ!"

"ಅಲಗಾಡದೆ ಏನ್ ಮಾಡ್ತಾಳ? ಆಕಿ ಸೆರಗಿನ ನೆಳ್ಳಾಗ ಕೂಸು ಮಲಗಿತ್ತು. ಸೆರಗ ತಗದ್ ಕೂಡ್ಲೇ ಬಿಸಲ್ ಬಿತ್ತು, ಚೀರ್ಲಾಕ ಹತ್ತಿತು. ಸುಮ್ಮನ ಮಾಡ್ಲಾಕ ಅದರ ಕಡಿ ಹೊಳ್ಳಿದ್ಳು."

ಆ ಕೂಸಿನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅರೆಗಳಿಗೆ ಸುಮ್ಮನಿದ್ದರೆ ಇದರ ಗಂಟೇನು ಹೋಗುತ್ತಿತ್ತು? "ಯಾರ ಕೂಸ್ರೀ ಅದು?" ಎಂದು ಗುಡುಗಿದೆ.

ಕಾಕು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಆಕಿಗಿ ಇದ್ದಾಂವ ನೀ ಒಬ್ಬಾಂವೇ ಅಲ್ಲೇನೋ ತಮ್ಮಾ?"

ಕಾಕು ಹೋದಮೇಲೆ ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಫೋಟೋದೊಳಗೆ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಅವ್ವನ ಮುಖ, ಸೆರಗಿಲ್ಲದೆ, ನನ್ನ ಕಡೆಗೇ ಬಾಗಿದೆ. ನಾನು ಮಾತ್ರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೇನೆ.