ಟಿವಿಯಂತೆ ಕಾಣದ ಟಿವಿ

ಟಿವಿ ಟಿವಿಯ ಹಾಗೆ ಕಾಣಲೇಬಾರದು ಎಂದು ಅನಂತರಾಮು ಹಟ ಹಿಡಿದದ್ದೇ ಎಲ್ಲಕ್ಕೂ ಮೂಲ.

ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡುವಿನ ಕಡೆ ತಿರುಗುವ ರಸ್ತೆಯಲ್ಲಿ ಅವರ ಮನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಲೆ ಅವರ ಬುದ್ಧಿಯೆಲ್ಲ ಮನೆಯ ಅಂದಚಂದದ ಕಡೆ ಹರಿದಿತ್ತು. ಹಳೆಯ ಷೋಕೇಸ್ ಕೀಳಿಸಿದರು, ಗೋಡೆಗೆ ಗಂಧದ ಬಣ್ಣ ಹೊಡೆಸಿದರು, ಆ ಬಣ್ಣಕ್ಕೆ ಒಪ್ಪಲಿ ಎಂದು ಸೋಫಾದ ಬಟ್ಟೆ ಬದಲಾಯಿಸಿದರು, ಸೋಫಾಕ್ಕೆ ಒಪ್ಪಲಿ ಎಂದು ಪರದೆ ಬದಲಾಯಿಸಿದರು. ಮನೆಗೆ ಬಂದವರು ಬಾಗಿಲಲ್ಲೇ ನಿಂತು ‘ಅಬ್ಬಾ!’ ಅನ್ನಬೇಕು. ಅನ್ನದವರಿಗೆ, ಅವರು ಅನ್ನುವ ತನಕ, ಒಳಗಿನಿಂದ ಕಾಫಿ ಬರುತ್ತಿರಲಿಲ್ಲ.

ಅಂಥವರ ಪಕ್ಕದ ಮನೆಯ ಶಂಭುಲಿಂಗಪ್ಪನವರು ಗೋಡೆ ತುಂಬುವಂಥ ಟಿವಿ ತಂದರು. ನೋಡಲು ಹೋದ ಅನಂತರಾಮು ಬೀದಿಯವರೆಲ್ಲ ಸೇರಿದ್ದಾಗಲೇ, “ಏನ್ರೀ ಇದು, ಹಾಲ್‌ನಲ್ಲಿ ಎಮ್ಮೆ ಕಟ್ಟಿದ ಹಾಗಿದೆಯಲ್ರೀ!” ಅಂದುಬಿಟ್ಟರು. ಎಲ್ಲರೂ ನಕ್ಕರು. ಶಂಭುಲಿಂಗಪ್ಪನವರೂ ನಕ್ಕರು, ಆದರೆ ಅವರ ಮೀಸೆ ಮಾತ್ರ ನಗಲಿಲ್ಲ.

“ಆಯ್ತು ಸಾರ್, ನೀವು ಅದ್ಯಾವ ಟಿವಿ ತರ್ತೀರೋ ನಾವೂ ನೋಡ್ತೀವಿ.”

ಅಲ್ಲಿಗೆ ಮಾತು ಮರ್ಯಾದೆಯ ಮಟ್ಟಕ್ಕೆ ಏರಿತು. ಅನಂತರಾಮು ಹೆಂಡತಿ ಚೂಡಾಮಣಿಯನ್ನು ಕರೆದುಕೊಂಡು ಜಯನಗರದ ಅಂಗಡಿಗಳನ್ನೆಲ್ಲ ಸುತ್ತಿದರು. “ಎಷ್ಟು ಇಂಚಿಂದು ಬೇಕು ಸಾರ್?” ಎಂದು ಸೇಲ್ಸ್ ಹುಡುಗಿಯರು ಕೇಳಿದರೆ, “ಇಂಚು ಆಮೇಲಾಯ್ತಮ್ಮ. ಆಫ್ ಮಾಡಿದ ಮೇಲೆ ಹೇಗೆ ಕಾಣುತ್ತೆ, ಅದು ಹೇಳಿ” ಅನ್ನುತ್ತಿದ್ದರು. ಆನ್ ಮಾಡಿದ ಟಿವಿ ಮಾರಿ ಅಭ್ಯಾಸವಿದ್ದ ಆ ಹುಡುಗಿಯರು ಕಕ್ಕಾಬಿಕ್ಕಿಯಾಗುತ್ತಿದ್ದರು. ಕೊನೆಗೂ ಒಂದು ಕಡೆ ಅವರು ಬಯಸಿದ್ದೇ ಸಿಕ್ಕಿತು: ಸುತ್ತ ತೇಗದ ಬಣ್ಣದ ಚೌಕಟ್ಟು, ಗೋಡೆಗೆ ಅಂಟಿಕೊಂಡಂಥ ಮೈ, ಕಾರ್ಯಕ್ರಮ ನೋಡದಿದ್ದಾಗ ಅದರ ಮೇಲೆ ಬೇಕಾದ ವರ್ಣಚಿತ್ರ.

ಶನಿವಾರ ಅಂಗಡಿಯ ದೇವರಾಜ್ ಬಂದು ಅದನ್ನು ಗೋಡೆಗೆ ಕೂರಿಸಿದ. ಬಂಗಾರದ ಕೆಲಸವಿರುವ ಮೈಸೂರು ಶೈಲಿಯ ಬೆಣ್ಣೆ ಕೃಷ್ಣನನ್ನು ಚೂಡಾಮಣಿ ಆರಿಸಿದರು.

“ಇದರಲ್ಲಿ ಸೆನ್ಸರ್ ಇದೆ ಸಾರ್,” ಎಂದ ದೇವರಾಜ್. “ಯಾರಾದ್ರೂ ಹಾಲ್‌ಗೆ ಬಂದ್ರೆ ಚಿತ್ರ ತಾನೇ ಬರುತ್ತೆ. ಯಾರೂ ಇಲ್ಲಾಂದ್ರೆ ತಾನೇ ಹೋಗುತ್ತೆ.”

ಅನಂತರಾಮು ಎಲ್ಲರನ್ನೂ ಹೊರಗೆ ಕಳಿಸಿ, ಎದೆಯುಬ್ಬಿಸಿ ಹಾಲ್‌ನಿಂದ ಹೊರಗೆ ಹೋದರು, ಒಳಗೆ ಬಂದರು. ಮತ್ತೆ ಹೋದರು, ಮತ್ತೆ ಬಂದರು. ಕೃಷ್ಣ ಒಂದು ಸಲವೂ ತಪ್ಪಿಸಲಿಲ್ಲ. ಅಂದೇ ಸಂಜೆ ಕಾಂಪೌಂಡಿನ ಬಳಿ ನಿಂತು ಶಂಭುಲಿಂಗಪ್ಪನವರನ್ನೂ ಎದುರು ಮನೆಯ ಚನ್ನಬಸವಯ್ಯನವರನ್ನೂ ಕರೆದರು. “ನಾಳೆ ಫೈನಲ್ ಮ್ಯಾಚು. ನಮ್ಮ ಮನೇಲೇ ನೋಡೋಣ, ಖಂಡಿತ ಬರಬೇಕು. ಟಿವಿ ಅಂದ್ರೇನು ಅಂತ ತೋರಿಸ್ತೀನಿ!”

ಭಾನುವಾರ ಬೆಳಿಗ್ಗೆ ಆಟೋದಿಂದ ಇಳಿದವರು ಗಿರಿನಗರದ ಮೈತ್ರೇಯಿ ಅತ್ತೆ, ಅನಂತರಾಮುವಿನ ಸೋದರತ್ತೆ. ವಯಸ್ಸು ಎಂಬತ್ತಾಗುತ್ತ ಬಂದಿದ್ದರೂ ದನಿ ಮಾತ್ರ ರಿಂಗ್ ರೋಡಿಗೆ ಕೇಳಿಸುವಂಥದ್ದು. “ಎರಡು ದಿನ ಇದ್ದು ಹೋಗೋಣ ಅಂತ ಬಂದೆ ಕಣೋ ಅನಂತು” ಎನ್ನುತ್ತ ಹಾಲ್‌ಗೆ ಕಾಲಿಟ್ಟವರು ಹಾಗೇ ನಿಂತರು. ಗೋಡೆಯ ಮೇಲೆ ಕೃಷ್ಣ ನಗುತ್ತಿದ್ದ.

“ಅಬ್ಬಾ! ಎಂಥಾ ಪಟವೋ ಇದು!”

ಅತ್ತೆ ಕೈಮುಗಿದರು, ಕೆನ್ನೆ ಬಡಿದುಕೊಂಡರು, ಚೂಡಾಮಣಿಯಿಂದ ಕುಂಕುಮದ ಬಟ್ಟಲು ತರಿಸಿ ಚೌಕಟ್ಟಿನ ಅಂಚಿಗೆ ಒಂದು ಬೊಟ್ಟಿಟ್ಟರು. ಅನಂತರಾಮುವಿಗೆ ಆದ ಆನಂದ ಅಷ್ಟಿಷ್ಟಲ್ಲ. ಅತ್ತೆಯ ಕಣ್ಣಿಗೇ ಇದು ಟಿವಿ ಅನ್ನಿಸಲಿಲ್ಲ ಎಂದಮೇಲೆ! ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹೆಮ್ಮೆ ಸುಮ್ಮನಿರಗೊಡಲಿಲ್ಲ.

“ಹಳೇ ಮೈಸೂರು ಕೆಲಸ ಅತ್ತೆ. ಊರೆಲ್ಲಾ ಹುಡುಕಿ ತಂದಿದ್ದು” ಅಂದುಬಿಟ್ಟರು. ಅಡಿಗೆಮನೆಯಲ್ಲಿ ಚೂಡಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಎಲ್ಲರೂ ತಿಂಡಿಗೆ ಒಳಗೆ ಹೋದರು. ಹಾಲ್ ಖಾಲಿಯಾಯಿತು, ಕೃಷ್ಣ ಮಾಯವಾದ. ಕೈ ತೊಳೆದುಕೊಂಡು ಮೊದಲು ಹೊರಬಂದವರು ಅತ್ತೆ. ಮರುಕ್ಷಣ ಅವರ ಕೂಗಿಗೆ ಅನಂತರಾಮುವಿನ ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ಬಿತ್ತು.

“ಅನಂತೂ! ಪಟ ಕಪ್ಪಗಿತ್ತು ಕಣೋ! ನಾನು ಬಂದೆ ನೋಡು, ಕೃಷ್ಣ ಎದ್ದು ಬಂದ!”

ಆ ದನಿ ಕಾಂಪೌಂಡ್ ದಾಟಿತು. ಏನಾಯಿತೋ ಎಂದು ಓಡಿ ಬಂದ ಶಂಭುಲಿಂಗಪ್ಪನವರ ಹೆಂಡತಿ ಜಯದೇವಿಗೆ ಅತ್ತೆ ಇಡೀ ಪವಾಡವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರು. ಪರೀಕ್ಷೆ ನಡೆಯಿತು. ಎಲ್ಲರೂ ಹೊರಗೆ ಹೋಗಿ ಸ್ವಲ್ಪ ಹೊತ್ತು ಕಾದು, ಜಯದೇವಿಯೊಬ್ಬರೇ ಒಳಗೆ ಬಂದರು. ಕೃಷ್ಣ ಅವರಿಗೂ ದರ್ಶನ ಕೊಟ್ಟ. ಜಯದೇವಿ ಗಳಗಳನೆ ಅತ್ತುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಹೊಸಿಲ ಹೊರಗೆ ಚಪ್ಪಲಿಗಳ ರಾಶಿ. ಹೂವು ಬಂತು, ಹಣ್ಣು ಬಂತು, ಯಾರೋ ಒಂದು ಗಂಟೆಯನ್ನೂ ತಂದರು. ಬಂದ ಹೆಂಗಸರೆಲ್ಲ ಗೋಡೆಯ ಬಣ್ಣವನ್ನು ಹೊಗಳಿದರು, ಸೋಫಾವನ್ನು ಹೊಗಳಿದರು, “ಪುಣ್ಯವಂತರು ಸಾರ್ ನೀವು” ಎಂದು ಅನಂತರಾಮುವಿಗೂ ಕೈಮುಗಿದರು. ಇಷ್ಟು ಜನ ಒಟ್ಟಿಗೆ ತಮ್ಮ ಹಾಲ್‌ ನೋಡಿ ‘ಅಬ್ಬಾ’ ಅಂದದ್ದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಒಳಗೊಳಗೇ ಭಯ, ಮೇಲೆ ಮೇಲೆ ಹೆಮ್ಮೆ. ಒಂದು ಕಣ್ಣು ಗಡಿಯಾರದ ಮೇಲೆ.

ಸಂಜೆಯಾಗುತ್ತ ಬಂದಂತೆ ಧೈರ್ಯ ಮಾಡಿ ಅತ್ತೆಯ ಕಿವಿಯ ಹತ್ತಿರ ಬಗ್ಗಿದರು. “ಅತ್ತೆ, ಅದು ಪಟ ಅಲ್ಲ. ಅದರಲ್ಲಿ ಸೆನ್ಸರ್ ಅಂತ ಒಂದಿದೆ, ಅದಕ್ಕೇ...”

“ಬೆಳಿಗ್ಗೆ ಹಳೇ ಮೈಸೂರು ಕೆಲಸ ಅಂದವನು ನೀನೇ ತಾನೆ?” ಅತ್ತೆ ದನಿ ತಗ್ಗಿಸಲಿಲ್ಲ. “ಮೇಷ್ಟ್ರಾಗಿದ್ದೋನು ಸೋದರತ್ತೆ ಹತ್ರ ಸುಳ್ಳು ಹೇಳಿದ್ಯಾ?”

ಹಾಲ್‌ನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅನಂತರಾಮು ಗಂಟಲು ಸರಿಮಾಡಿಕೊಂಡು, “ಛೇ ಛೇ, ಮೈಸೂರಿಂದೇ” ಎಂದು ಹಿಂದೆ ಸರಿದರು.

ಹೇಳಿದ ಹೊತ್ತಿಗೆ ಸರಿಯಾಗಿ ಶಂಭುಲಿಂಗಪ್ಪನವರು ಚನ್ನಬಸವಯ್ಯನವರ ಜೊತೆ ಬಂದರು. ಒಳಗೆ ಭಜನೆ ತಾರಕಕ್ಕೇರಿತ್ತು. ಶಂಭುಲಿಂಗಪ್ಪನವರು ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿದರು.

“ಸಾರ್, ಟಿವಿ ಎಲ್ಲಿ?”

“ಅದೇ” ಎಂದು ಅನಂತರಾಮು ಗಲ್ಲದಿಂದಲೇ ತೋರಿಸಿದರು.

“ಎಲ್ಲಿ?”

“ಅದೇ ಕಣ್ರೀ, ಕೃಷ್ಣ. ಕೃಷ್ಣನೇ ಟಿವಿ.”

ಶಂಭುಲಿಂಗಪ್ಪನವರು ಚನ್ನಬಸವಯ್ಯನವರ ಮುಖ ನೋಡಿದರು. ಜ್ವರ ಬಂದವರ ಹಣೆ ಮುಟ್ಟಿ ನೋಡುವವರ ಹಾಗಿತ್ತು ಆ ನೋಟ.

“ಹಾಗಾದ್ರೆ ಹಾಕಿ ಸಾರ್, ಟಾಸ್ ಆಗಿಹೋಗಿರುತ್ತೆ.”

ಅನಂತರಾಮು ಜೇಬಿನಿಂದ ರಿಮೋಟ್ ತೆಗೆದು ಎತ್ತಿದರಷ್ಟೇ. “ಆರತಿ ಆಗ್ತಿರೋವಾಗ ಅದೇನ್ರೀ ಅದು ಕೈಯಲ್ಲಿ!” ಎಂದು ಜಯದೇವಿ ಗದರಿದರು. ಅತ್ತೆ ಬಂದು ರಿಮೋಟನ್ನು ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿಟ್ಟರು. ಶಂಭುಲಿಂಗಪ್ಪನವರು ಮೆಲ್ಲಗೆ ಅನಂತರಾಮುವಿನ ಹೆಗಲ ಮೇಲೆ ಕೈಯಿಟ್ಟರು.

“ತರೋಕಾಗ್ಲಿಲ್ಲ ಅಂದ್ರೆ ಹಾಗಂತ ಹೇಳ್ಬಹುದಿತ್ತು ಸಾರ್. ಅದರಲ್ಲಿ ನಾಚಿಕೆ ಏನು? ಬನ್ನಿ, ನಮ್ಮನೇಲೇ ನೋಡೋಣ.”

ಹೀಗೆ ಅನಂತರಾಮು ಎಮ್ಮೆಯ ಮುಂದೆ ಕೂತು ಫೈನಲ್ ನೋಡಬೇಕಾಯಿತು. ಚೆಂಡು ಹುಲ್ಲಿನ ಮೇಲೆ ಉರುಳಿದರೆ ಹುಲ್ಲಿನ ಎಸಳು ಎಸಳೂ ಕಾಣುತ್ತಿತ್ತು. “ಹೇಗಿದೆ ಸಾರ್?” ಎಂದು ಶಂಭುಲಿಂಗಪ್ಪನವರು ಪ್ರತಿ ಓವರಿಗೂ ಕೇಳಿದರು. “ಚೆನ್ನಾಗಿದೆ” ಎಂದು ಅನಂತರಾಮು ಪ್ರತಿ ಓವರಿಗೂ ಒಪ್ಪಿಕೊಂಡರು.

ಮೊದಲ ಇನಿಂಗ್ಸ್ ಮುಗಿದಾಗ ತಡೆಯಲಾಗದೆ ಮನೆಯ ಕಡೆ ಬಂದರು. ಗೇಟಿನ ಬಳಿ ಕಿವಿ ನಿಮಿರಿತು. ಭಜನೆ ನಿಂತಿತ್ತು. ಅದರ ಬದಲು ಯಾರೋ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಹಿಂದೆ ಪಿಟೀಲು ಬೇರೆ.

ಒಳಗೆ ಓಡಿದರು. ಗೋಡೆಯ ಮೇಲೆ ಕೃಷ್ಣನಿರಲಿಲ್ಲ. ಧಾರಾವಾಹಿಯ ಸೊಸೆಯೊಬ್ಬಳು ಮೈತುಂಬ ಒಡವೆ ಹೇರಿಕೊಂಡು ಅಳುತ್ತಿದ್ದಳು. ಕೆಳಗೆ ಬೀದಿಯ ಹೆಂಗಸರೆಲ್ಲ ಪ್ರಸಾದದ ಕೋಸಂಬರಿ ಮೆಲ್ಲುತ್ತ ಕೂತಿದ್ದರು. ನಡುವೆ ಹೊಸ ಬಟ್ಟೆಯ ಸೋಫಾದ ಮೇಲೆ ಅತ್ತೆ, ರಿಮೋಟ್ ಹಿಡಿದು.

“ಅತ್ತೆ! ಇದು ಟಿವಿ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ನಮ್ಮನೇಲೂ ಇದೇ ಇದೆ, ದೀಪಾವಳಿಗೇ ಮೊಮ್ಮಗ ವಿಶ್ರುತ್ ತಂದ. ನಮ್ಮದು ಇನ್ನೂ ದೊಡ್ಡದು.” ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಇವತ್ತು ಮಹಾಸಂಚಿಕೆ. ಅಲ್ಲಿ ನೋಡಿದ್ರೆ ಅವನು ಮ್ಯಾಚೇ ನೋಡ್ತೀನಿ ಅಂತ ಕೂತ. ಇಲ್ಲಿಗೆ ಬರೋಣ ಅಂತ ಫೋನ್ ಮಾಡಿದ್ರೆ ನೀನೂ ಊರೋರನ್ನೆಲ್ಲ ಮ್ಯಾಚಿಗೆ ಕರೆದಿದೀಯ ಅಂತ ಚೂಡಾಮಣಿ ಹೇಳಿದ್ಲು. ಇನ್ನೇನು ಮಾಡಲಿ?”

“ಜಯದೇವಿಯವರೇ, ನೀವೂನಾ? ನೀವು ಅತ್ರಲ್ಲ!”

“ಮೊದಲು ನಿಜವಾಗ್ಲೂ ಅಳು ಬಂತು ಅಂಕಲ್” ಎಂದರು ಜಯದೇವಿ. “ಆಮೇಲೆ ಚೂಡಾಮಣಿ ಆಂಟಿ ವಿಷಯ ಹೇಳಿದ್ರು. ನಮ್ಮನೇಲೂ ಇವತ್ತು ಮ್ಯಾಚೇ ಅಲ್ವಾ?”

ಅನಂತರಾಮುವಿಗೆ ಕೋಪಕ್ಕಿಂತ ಸಂತೋಷವೇ ಹೆಚ್ಚಾಯಿತು. ಟಿವಿ ಬೆಳಗುತ್ತಿದೆ, ಹಾಡುತ್ತಿದೆ, ಅಳುತ್ತಿದೆ! ಇನ್ನು ಸಾಕ್ಷಿ ಬೇಕೇ? ಬಂದಷ್ಟೇ ವೇಗದಲ್ಲಿ ಹೊರಗೋಡಿ, “ಶಂಭುಲಿಂಗಪ್ಪನವರೇ! ಚನ್ನಬಸವಯ್ಯನವರೇ! ಬನ್ನಿ ಬೇಗ, ನಮ್ಮ ಟಿವಿ ನೋಡ್ಬನ್ನಿ!” ಎಂದು ಬೀದಿಯಲ್ಲೇ ಕೂಗಿ, ಇಬ್ಬರ ಕೈಯನ್ನೂ ಹಿಡಿದು ಎಳೆದುಕೊಂಡು ಬಂದರು.

ಬಾಗಿಲಲ್ಲಿ ಮೂವರೂ ನಿಂತರು. ಗೋಡೆಯ ಮೇಲೆ ಬಂಗಾರದ ಕೃಷ್ಣ ಮಂದಹಾಸ ಬೀರುತ್ತಿದ್ದ. ಅತ್ತೆ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ಹೆಂಗಸರೆಲ್ಲ ಭಕ್ತಿಯಿಂದ ದನಿಗೂಡಿಸಿದ್ದರು. ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದವರು ಚೂಡಾಮಣಿ.

ಶಂಭುಲಿಂಗಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು. ಕೋಸಂಬರಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆಮೇಲೆ ಅನಂತರಾಮುವಿನ ತೋಳನ್ನು ಮಗುವಿನ ತೋಳು ಹಿಡಿದಷ್ಟು ಮೆತ್ತಗೆ ಹಿಡಿದರು.

“ಬನ್ನಿ ಸಾರ್, ಎರಡನೇ ಇನಿಂಗ್ಸ್ ಶುರುವಾಗುತ್ತೆ. ಇನ್ಮೇಲೆ ಎಲ್ಲಾ ಮ್ಯಾಚೂ ನಮ್ಮನೇಲೇ ನೋಡಿ, ಸಂಕೋಚ ಬೇಡ.”

ಅವರು ಗೇಟು ದಾಟುವುದರೊಳಗೆ ಭಜನೆ ನಿಂತಿತು. ಸೊಸೆ ಬಿಟ್ಟಲ್ಲಿಂದ ಅಳು ಮುಂದುವರಿಸಿದಳು. ಅನಂತರಾಮು ಹಿಂದಿರುಗಿ ನೋಡಿದರು. “ಕೇಳಿಸ್ತಾ? ಕೇಳಿಸ್ತಾ?”

“ಕೇಳಿಸ್ತು ಸಾರ್,” ಎಂದರು ಚನ್ನಬಸವಯ್ಯನವರು, ಮತ್ತೊಂದು ಕಡೆಯ ತೋಳು ಹಿಡಿಯುತ್ತ. “ಪಾಪ, ಮೇಡಂ ತುಂಬಾ ನೊಂದ್ಕೊಂಡಿದಾರೆ. ಒಂದು ಟಿವಿ ಕೊಡಿಸಿಬಿಡಿ.”