ವಿರೋಧ ಪಕ್ಷದ ಕುರ್ಚಿ

ನಮ್ಮ ಕಾಕಾರ ಮುಂದೆ ಅಪ್ಪಿತಪ್ಪಿ 'ಹೋಗಿ ಬರ್ತೀನಿ' ಎಂದಿರೋ, ಮುಗಿಯಿತು, ಹೋಗಲಿಕ್ಕೆ ಬಿಡುವುದಿಲ್ಲ! "ಯಾವಾಗ ಬರ್ತೀರಿ? ಅವಧಿ ಹೇಳಿಲ್ಲ. ವಾಕ್ಯ ಸಡ್ಲ ಐತ್ರಿ," ಎನ್ನುತ್ತಾರೆ. ಹಾತಕಣಂಗಲೆಯಲ್ಲಿ ರೈಲು ಹಿಡಿಯಬೇಕಿದ್ದ ಬೀಗರೊಬ್ಬರು ಇದಕ್ಕೆ ಉತ್ತರ ಕೊಡುತ್ತ ಗಡಹಿಂಗ್ಲಜದ ನಮ್ಮ ಹೊಸ್ತಿಲಲ್ಲೇ ರೈಲು ತಪ್ಪಿಸಿಕೊಂಡರು.

ಕೊಲ್ಹಾಪುರ ಕಡೆಯ ಕಾಲೇಜುಗಳ ಚರ್ಚಾ ಸ್ಪರ್ಧೆಗೆ ವಿಷಯ ಬರೆದು ಕೊಡುವುದು ಕಾಕಾರ ಕೆಲಸ. ಯಾರಾದರೂ 'ನೀರು ಉಳಿಸಬೇಕು' ಎಂದು ಬರೆದು ತಂದರೆ ಮುಖ ಸಿಂಡರಿಸುತ್ತಾರೆ. "ಯಾರು ಉಳಸಬೇಕ್ರಿ? ಯಾವ ನೀರು? ಇದಕ್ಕ ಒಲ್ಲೆ ಅನ್ನಾವ ಯಾರು?" ಕತ್ತರಿಸಿ, ಹೊಲಿದು, ಕೊನೆಗೆ 'ಕಬ್ಬಿಗೆ ಹನಿ ನೀರಾವರಿಯನ್ನು ಸರ್ಕಾರ ಕಡ್ಡಾಯ ಮಾಡಬೇಕು' ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. "ಈಗ ವಿರೋಧ ಮಾಡಾವಗೂ ನಿಲ್ಲಾಕ ಜಾಗ ಸಿಕ್ತು ನೋಡ್ರಿ." ಆಮೇಲೆಯೇ ಅವರಿಗೆ ಚಹಾ ರುಚಿಸುವುದು.

ವಿಷಯದ ಮೊದಲ ಪರೀಕ್ಷೆ ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು. ಎದುರುಬದುರು ಎರಡು ಕುರ್ಚಿ. ಕಾಕಾ ಪರ, ಕಾಕಿ ವಿರೋಧ. ಮೆಂತ್ಯಪಲ್ಯ ಸೋಸುತ್ತಲೇ ಆಕೆ ಗಂಡನಿಗೆ ಮಣ್ಣು ಮುಕ್ಕಿಸುತ್ತಿದ್ದಳು. ಹೋದ ವರ್ಷ ಕಾಕಿ ತೀರಿಕೊಂಡಳು. ಕುರ್ಚಿ ಉಳಿಯಿತು. ಚರ್ಚೆಯೂ ಉಳಿಯಿತು!

ನಗಬೇಡಿ, ನೋಡಿದರೆ ನಿಮಗೂ ಮೈ ಜುಂ ಎಂದೀತು. ದೀಪ ಹಚ್ಚುವ ಹೊತ್ತಿಗೆ ಕಾಕಾ ತಮ್ಮ ವಾದ ಮುಗಿಸಿ, ಗಡಿಯಾರ ನೋಡುತ್ತ ಸುಮ್ಮನಾಗುತ್ತಾರೆ. ಕಿವಿ ಖಾಲಿ ಕುರ್ಚಿಯತ್ತ. ತಲೆಯಾಡಿಸುತ್ತಾರೆ. "ತಡಿ, ಅದನ್ನ ಇನ್ನೊಮ್ಮೆ ಹೇಳು," ಎನ್ನುತ್ತಾರೆ. ಆಮೇಲೆ ಯಾರೂ ಆಡದ ಮಾತುಗಳಿಗೆ ಒಂದೊಂದಾಗಿ ಉತ್ತರ! ಒಂದು ಸಂಜೆಯಂತೂ ಅಡುಗೆಮನೆಗೆ ಬಂದು, "ಇವತ್ತ ನಾ ಸೋತೆ," ಎಂದರು. ನಮ್ಮವ್ವನ ಕೈಯಿಂದ ಲಟ್ಟಣಿಗೆ ಜಾರಿ ಬಿತ್ತು.

ಅವ್ವನಿಗೆ ಇನ್ನೂ ದೊಡ್ಡ ಹೆದರಿಕೆ ಮುಂಬಾಗಿಲಿನದು. ಕಾಕಾ ಅದಕ್ಕೆ ಚಿಲಕ ಹಾಕಗೊಡುತ್ತಿರಲಿಲ್ಲ. ಎಲೆ ಅಲುಗದ ಸಂಜೆಯಲ್ಲೂ ಕದ ಕಿರ್ರೆಂದು ಸರಿಯುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಕಡೆಗೆ ಅವ್ವ ನನಗೆ ಹೇಳಿಯೇ ಬಿಟ್ಟಳು: "ಒಂದೋ ಚಿಲಕ ಬೀಳಬೇಕು, ಇಲ್ಲಾ ನಾ ಇಚಲಕರಂಜಿಗೆ ತವರಿಗೆ ಹೋಗತೇನಿ. ನೀನ ಒಪ್ಪಸು ಅವರ್ನ."

ಕಾಕಾರನ್ನು ಒಪ್ಪಿಸಲು ಚರ್ಚೆ ಬಿಟ್ಟು ಬೇರೆ ದಾರಿ ಎಲ್ಲಿದೆ? ವಿಷಯ ಮಂಡಿಸಿದೆ: 'ರಾತ್ರಿ ಮುಂಬಾಗಿಲಿಗೆ ಚಿಲಕ ಹಾಕಬೇಕು.' ಕಳ್ಳರು, ನಾಯಿ, ಅವ್ವನ ನಿದ್ದೆಗೇಡು, ಎಲ್ಲ ಹೇಳಿ ಮುಗಿಸಿದೆ. ಕಾಕಾ ವಿರೋಧದ ಕುರ್ಚಿಯಲ್ಲಿ ಕೂಡಲಿಲ್ಲ. ಅದರ ಬೆನ್ನು ಹಿಡಿದು ನಿಂತರು.

"ದವಾಖಾನಿಗೆ ಹೋಗೂ ಮುಂದ ನಿಮ್ಮ ಕಾಕಿ ಆ ಹೊಸ್ತಲದಾಗ ನಿಂತು 'ಹೋಗಿ ಬರ್ತೀನ್ರಿ' ಅಂದ್ಲು. ಊರಿಗೆಲ್ಲಾ ಯಾವಾಗ ಅಂತ ಕೇಳಾವ, ಆಕಿಗೆ ಕೇಳಲಿಲ್ಲ. ಕೇಳಾಕ ಅಂಜಿಕಿ ಆತು. ಅವಧಿ ಇಲ್ಲದ ಮಾತು, ಇನ್ನೂ ಮುಗದಿಲ್ಲವ್ವಾ ಅದು."

ನನ್ನ ಸರದಿ ಬಂತು. ಅಂಶ ಬರೆದುಕೊಂಡಿದ್ದ ಚೀಟಿಯನ್ನು ಮಡಚಿಟ್ಟೆ. ಕಾಕಾ ಗಡಿಯಾರ ನೋಡಿದರು. ಆಮೇಲೆ ತಾವೇ, "ಆದ್ರ ನಿಮ್ಮವ್ವ ಭಾಳ ಅಂಜಾಕತ್ತಾಳ. ನೀ ಗೆದ್ದಿ," ಎಂದು ಬಾಗಿಲಿಗೆ ಹೋಗಿ ಚಿಲಕಕ್ಕೆ ಕೈ ಹಾಕಿದರು.

"ತಡೀರಿ," ಎಂದಳು ಅವ್ವ. ಅವಳು ಯಾವಾಗ ಪಡಸಾಲೆಗೆ ಬಂದಿದ್ದಳೋ. "ರಾತ್ರಿ ಅಂದ್ರ ಎಷ್ಟ ಹೊತ್ತಿಗೆ ಅಂತ ವಿಷಯದಾಗ ಹೇಳಿಲ್ರಿ ನನ್ನ ಮಗಳು. ವಾಕ್ಯ ಸಡ್ಲ ಐತಿ."

ಕಾಕಾ ಕೈ ತೆಗೆದರು. ಕದ ತಾನಾಗಿಯೇ ಕಿರ್ರೆಂದು ಸರಿಯಿತು. ಅವ್ವ ಸೆರಗು ಸರಿ ಮಾಡಿಕೊಂಡು, ಒಂದು ಹೆಜ್ಜೆ ಬದಿಗೆ ಸರಿದು ದಾರಿ ಬಿಟ್ಟಳು.